ಗಾಳಿ ತುಂಬಿದ ಬಟ್ಟೆಯ ಕೊಳವೆ ಅಷ್ಟು ಭಾರ ಹೊರೋದು ಹೇಗೆ?

ಬಟ್ಟೆಯನ್ನು ಎಳೆದರೆ ತಡೆಯುತ್ತದೆ, ಒತ್ತಿದರೆ ಸುಮ್ನೆ ಮಡಚಿಕೊಳ್ಳುತ್ತದೆ, ಅಲ್ವಾ? ಗಾಳಿ ತುಂಬಿದಾಗ ಒಳಗಿನ ಒತ್ತಡ ಅದನ್ನು ಮೊದಲೇ ಎಳೆದು ಬಿಗಿ ಮಾಡಿಟ್ಟಿರುತ್ತದೆ. ಈಗ ಎರಡು ತುದಿಗೆ ಆಧಾರ ಕೊಟ್ಟು ಮಧ್ಯೆ ಭಾರ ಇಡಿ: ಕೆಳಮೈ ಇನ್ನಷ್ಟು ಬಿಗಿಯಾಗುತ್ತದೆ, ಮೇಲ್ಮೈಯ ಬಿಗಿ ಕಡಿಮೆಯಾಗುತ್ತಾ ಹೋಗುತ್ತದೆ, ಆದರೆ ಅದು ಸೊನ್ನೆಗೆ ಇಳಿಯೋ ತನಕ ಕೊಳವೆ ಮರದ ತೊಲೆಯ ಹಾಗೇ ಇರುತ್ತದೆ. ಸೊನ್ನೆಯಾದ ಕೂಡಲೇ ಮೇಲೊಂದು ಸಣ್ಣ ಸುಕ್ಕು. ಆಗಲೂ ಬೀಳುವುದಿಲ್ಲ, ಲೆಕ್ಕದ ಪ್ರಕಾರ ಭಾರ ಸುಮಾರು ಎರಡು ಪಟ್ಟಾದಾಗ ಮಡಚಿ ಬೀಳುತ್ತದೆ. ಭಾರ ತೆಗೆದರೆ ಮತ್ತೆ ನೆಟ್ಟಗೆ! ಕಬ್ಬಿಣದ ಪೈಪ್ ಹೀಗೆ ಮಾಡುತ್ತಾ?

ಒತ್ತಡ ಎರಡು ಪಟ್ಟಾದರೆ ಸುಕ್ಕಿನ ಮಿತಿಯೂ ಎರಡು ಪಟ್ಟು. ವ್ಯಾಸ ಎರಡು ಪಟ್ಟಾದರೆ 8 ಪಟ್ಟು. ಹಾಗಂತ ಬೇಕಾಬಿಟ್ಟಿ ದೊಡ್ಡದು ಮಾಡೋ ಹಾಗಿಲ್ಲ, ಬಟ್ಟೆಯ ಮೇಲಿನ ಎಳೆತವೂ ಏರುತ್ತದೆ, ಅದರಲ್ಲೂ ಸುತ್ತಳತೆಯ ಕಡೆಗೆ ಉದ್ದದ ಕಡೆಗಿಂತ ಎರಡರಷ್ಟು. ಗಾಳಿ ಜಾಸ್ತಿಯಾದ ಕೊಳವೆ ಸಾಮಾನ್ಯವಾಗಿ ಉದ್ದಕ್ಕೇ ಸೀಳುವುದು ಅದಕ್ಕೇ.

ಮಡಚಿಟ್ಟದ್ದನ್ನು ಮತ್ತೆ ಉಬ್ಬಿಸುವುದೂ ಸುಲಭದ ಕೆಲಸವಲ್ಲ. 2016ರ ಮೇನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ‘ಬೀಮ್’ ಅನ್ನೋ ಉಬ್ಬುವ ಕೋಣೆಗೆ ಗಾಳಿ ಬಿಟ್ಟಾಗ, ಬಟ್ಟೆಯ ಪದರಗಳು ಒಂದಕ್ಕೊಂದು ಹಿಡಿದುಕೊಂಡು ಮೊದಲ ದಿನ ಸ್ವಲ್ಪ ಮಾತ್ರ ಉಬ್ಬಿ ನಿಂತಿತು. ಎರಡು ದಿನ ಬಿಟ್ಟು, 28ರಂದು ಪೂರ್ತಿ ಉಬ್ಬಿತು.