ಸ್ಟೈಪೆಂಡ್ 6,000, ಪಿಜಿಗೆ 7,500: ಇಂಟರ್ನ್‌ಶಿಪ್‌ಗೆ ಹೋಗಲೋ ಬೇಡವೋ?

ಪ್ರಶ್ನೆ: ನಾನು ತಿಪಟೂರಿನವಳು, ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್. ಪೀಣ್ಯದ ಕಾರ್ಖಾನೆಯೊಂದರಲ್ಲಿ ಫೆಬ್ರುವರಿಯಿಂದ ನಾಲ್ಕು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಸ್ಟೈಪೆಂಡ್ ತಿಂಗಳಿಗೆ 6,000 ರೂಪಾಯಿ. ಪಿಜಿಯಲ್ಲಿ ಮೂವರ ರೂಮಿಗೆ ಊಟ ಸೇರಿ 7,500, ಅಡ್ವಾನ್ಸ್ 5,000. ತುಮಕೂರಿನಲ್ಲಿ ಚಿಕ್ಕಮ್ಮನ ಮನೆಯಿದೆ. ಅಮ್ಮ ಬಳೆ ಅಡ ಇಡೋಣ ಎನ್ನುತ್ತಿದ್ದಾರೆ. ಸ್ಟೈಪೆಂಡ್ ಹೆಚ್ಚಿಸಿ ಎಂದು ಕೇಳಬಹುದೇ? ಸರ್ಕಾರದ ಯೋಜನೆ ಯಾವುದಾದರೂ ಇದೆಯೇ?

ಉತ್ತರ: ಕೈಖರ್ಚಿಗೆ 1,500 ಸೇರಿಸಿದರೆ ನಿಮ್ಮ ತಿಂಗಳ ಖರ್ಚು 9,000. ತಿಂಗಳಿಗೆ 3,000 ತಾನೇ ಕಡಿಮೆ ಬೀಳುವುದು ಎಂದು ಹೊರಡುವವರೇ ಹೆಚ್ಚು. ಎಡವುವುದು ಅಲ್ಲೇ. ಮೊದಲ ಸ್ಟೈಪೆಂಡ್ ಕೈಗೆ ಬರುವುದು ಮಾರ್ಚ್ 7–10ರ ಹೊತ್ತಿಗೆ. ಅಷ್ಟರೊಳಗೆ ಅಡ್ವಾನ್ಸ್ 5,000, ಎರಡು ತಿಂಗಳ ಬಾಡಿಗೆ 15,000, ಕೈಖರ್ಚು 1,500, ಸೇಫ್ಟಿ ಶೂಗೆ ಸಾವಿರ, ಹೀಗೆ 22,500 ಆಗಲೇ ಖಾಲಿಯಾಗಿರುತ್ತದೆ. ನೀವು ಸಿದ್ಧವಾಗಬೇಕಾದದ್ದು ಈ ನಲವತ್ತು ದಿನಕ್ಕೆ.

ಮೊದಲ ತಿಂಗಳು ಚಿಕ್ಕಮ್ಮನ ಮನೆಯಿಂದ ಓಡಾಡಿ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ ಉಚಿತ, ರಾಜಹಂಸ ಮತ್ತು ಎಸಿ ಬಸ್ಸಿಗೆ ಅನ್ವಯಿಸುವುದಿಲ್ಲ. ಆಧಾರ್ ಜೊತೆಗಿರಲಿ, ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ಬೆಂಗಳೂರಿನ ಕೆಲವು ಬಸ್ಸು ಫ್ಲೈಓವರ್ ಹತ್ತಿ ನೇರ ಗೊರಗುಂಟೆಪಾಳ್ಯಕ್ಕೆ ಹೋಗಿಬಿಡುತ್ತವೆ. ಎಂಟನೇ ಮೈಲಿಯಲ್ಲಿ ನಿಲ್ಲುತ್ತದೆಯೇ ಎಂದು ಕಂಡಕ್ಟರನ್ನು ಕೇಳಿಯೇ ಹತ್ತಿ. ಜನರಲ್ ಶಿಫ್ಟ್ ಆದರೆ ಮಾತ್ರ ಈ ಓಡಾಟ ಸಾಧ್ಯ. ಸೆಕೆಂಡ್ ಶಿಫ್ಟ್ ಹಾಕಿದರೆ ರಾತ್ರಿ ತುಮಕೂರಿಗೆ ಹಿಂತಿರುಗುವ ಸಾಹಸ ಬೇಡ.

ಸ್ಟೈಪೆಂಡ್ ಬಂದ ಮೇಲೆ, ಮಾರ್ಚ್ 10ರ ಸುಮಾರಿಗೆ ಪಿಜಿಗೆ ಸೇರಿ. ಆಗ ಅಡ್ವಾನ್ಸ್ 5,000, ಒಂದು ತಿಂಗಳ ಬಾಡಿಗೆ 7,500, ಎರಡು ತಿಂಗಳ ಕೈಖರ್ಚು 3,000, ಶೂಗೆ ಸಾವಿರ ಸೇರಿ 16,500; ಅದರಲ್ಲಿ 6,000 ಸ್ಟೈಪೆಂಡಿನಿಂದಲೇ ಬರುವುದರಿಂದ ಆರಂಭಕ್ಕೆ ನೀವು ಹೊಂದಿಸಬೇಕಾದದ್ದು 22,500ರಿಂದ 10,500ಕ್ಕೆ ಇಳಿಯುತ್ತದೆ. ಸೇರಿದ ದಿನದಿಂದ ತಿಂಗಳು ಲೆಕ್ಕ ಹಾಕುವ ಪಿಜಿಯನ್ನೇ ಹುಡುಕಿ, ಬಾಡಿಗೆಯ ದಿನವೂ ಸ್ಟೈಪೆಂಡ್ ದಿನವೂ ಹೊಂದಿಕೊಳ್ಳುತ್ತವೆ. ಬಿಡುವಾಗ 'ಮೇಂಟೆನೆನ್ಸ್' ಎಂದು ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನು ಅಡ್ವಾನ್ಸ್ ಕೊಡುವ ಮುನ್ನ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಂದ ಅಡ್ವಾನ್ಸ್ ವಾಪಸ್ ಕೊಡುವ ದಿನ ಯಾರಿಗೂ ನೆನಪಿರುವುದಿಲ್ಲ.

ಕಂಪನಿಯನ್ನು ಖಂಡಿತ ಕೇಳಿ, ಆದರೆ ಮೊತ್ತ ಹೆಚ್ಚಿಸಿ ಎಂದಲ್ಲ. 'ಎಲ್ಲ ಇಂಟರ್ನ್‌ಗಳಿಗೂ ಇಷ್ಟೇ' ಎಂದು ಎಚ್‌ಆರ್ ಅಲ್ಲಿಗೇ ಮುಗಿಸಿಬಿಡುತ್ತಾರೆ. ಕ್ಯಾಂಟೀನ್ ಊಟ, ಕಂಪನಿ ಬಸ್ಸು, ಸೇಫ್ಟಿ ಶೂ ಸಿಗುತ್ತದೆಯೇ ಎಂದು ಕೇಳಿದರೆ ಒಪ್ಪುವುದು ಅವರಿಗೂ ಸುಲಭ. ಸೇರುವ ದಿನಾಂಕವೂ ಮುಖ್ಯ. ಹಲವು ಕಡೆ 20–25ನೇ ತಾರೀಖಿಗೆ ಹಾಜರಿ ಲೆಕ್ಕ ಮುಗಿಸುತ್ತಾರೆ. ಅದರ ನಂತರ ಸೇರಿದರೆ ಆ ದಿನಗಳ ಹಣ ಮುಂದಿನ ತಿಂಗಳಿಗೆ ಜಾರುತ್ತದೆ. ಒಂದನೇ ತಾರೀಖಿಗೇ ಸೇರಿ, ಪ್ಯಾನ್ ಮತ್ತು ಪಾಸ್‌ಬುಕ್ ಪ್ರತಿಯನ್ನು ಅದೇ ದಿನ ಕೊಟ್ಟುಬಿಡಿ.

ಬಳೆಯ ವಿಷಯ. ಮೊದಲು ನಿಮ್ಮ ಹೆಸರಿನಲ್ಲಿ ಶಿಕ್ಷಣ ಸಾಲ ಇದೆಯೇ ನೋಡಿ. ಇದ್ದು, ಮಂಜೂರಾದ ಮೊತ್ತದಲ್ಲಿ ಬಾಕಿ ಉಳಿದಿದ್ದರೆ, ಕೋರ್ಸ್ ಮುಗಿಸಲು ಬೇಕಾದ ಖರ್ಚು ಎಂದು ಕಾಲೇಜಿನ ಪತ್ರ ಲಗತ್ತಿಸಿ ಬ್ಯಾಂಕ್ ಮ್ಯಾನೇಜರ್‌ಗೆ ಅರ್ಜಿ ಕೊಡಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಪ್ರಾಜೆಕ್ಟ್ ಕೆಲಸದ ಖರ್ಚಿಗೂ ಜಾಗವಿದೆ. ಅದಾಗದಿದ್ದರೆ ಬಳೆ ಅಡ ಇಡುವುದರಲ್ಲಿ ತಪ್ಪೇನಿಲ್ಲ, ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಇಡಿ. 10,500ಕ್ಕೆ ವರ್ಷಕ್ಕೆ ಶೇ 10 ಎಂದು ಹಿಡಿದರೆ ಐದು ತಿಂಗಳಿಗೆ ಬಡ್ಡಿ ಸುಮಾರು 440. ಅದೇ ಹಣವನ್ನು ಊರಿನಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ 1,575. ಮೊಬೈಲ್ ಸಾಲದ ಆ್ಯಪ್‌ಗಳ ಕಡೆ ತಿರುಗಿಯೂ ನೋಡಬೇಡಿ.

ಸರ್ಕಾರದ ಯೋಜನೆಗಳಿಂದ ಈಗ ನಿಮಗೆ ಉಪಯೋಗವಾಗುವುದು ಅನುಮಾನ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ತಿಂಗಳಿಗೆ 5,000ದಂತೆ, ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗಾಗಿ ರೂಪಿಸಲಾಯಿತು. ರಾಜ್ಯದ ಯುವನಿಧಿ ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ. ಪಠ್ಯದ ಭಾಗವಾದ ಇಂಟರ್ನ್‌ಶಿಪ್‌ಗೆ ಕನಿಷ್ಠ ಸ್ಟೈಪೆಂಡ್ ನಿಗದಿಯಾಗಿಲ್ಲ. ಅಪ್ರೆಂಟಿಸ್ ಕಾಯ್ದೆಯಡಿ ಮಾತ್ರ ಪದವೀಧರರಿಗೆ 2019ರ ನಿಯಮದಲ್ಲೇ ತಿಂಗಳಿಗೆ ಕನಿಷ್ಠ 9,000 ಎಂದಿದೆ. ಪದವಿ ಕೈಗೆ ಬಂದ ಮೇಲೆ ಇದೇ ಕಾರ್ಖಾನೆಯವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತೀರಾ ಎಂದು ವಿಚಾರಿಸಿ.

ಪ್ರಶ್ನೆ: ಜನವರಿಯಿಂದ ಜೂನ್‌ವರೆಗೆ ತಿಂಗಳಿಗೆ 10,000 ಸ್ಟೈಪೆಂಡ್. ಕಂಪನಿಯವರು ಪ್ರತಿ ತಿಂಗಳೂ 1,000 ಟಿಡಿಎಸ್ (ಹಣ ಕೊಡುವಾಗಲೇ ಕಡಿತವಾಗುವ ತೆರಿಗೆ) ಹಿಡಿದಿದ್ದಾರೆ. ವಾಪಸ್ ಬರುತ್ತದೆಯೇ?

ಉತ್ತರ: ಬೇರೆ ಆದಾಯ ಇಲ್ಲದಿದ್ದರೆ ಪೂರ್ತಿ ಬರುತ್ತದೆ. ನಿಮ್ಮ ಸ್ಟೈಪೆಂಡನ್ನು 'ವೃತ್ತಿಪರ ಶುಲ್ಕ' ಎಂದು ತೋರಿಸಿ ಶೇ 10 ಹಿಡಿದಿರುವಂತಿದೆ. 2025ರ ಏಪ್ರಿಲ್‌ನಿಂದ ಈ ಬಗೆಯ ಪಾವತಿ ವರ್ಷಕ್ಕೆ 50,000 ದಾಟದಿದ್ದರೆ ಟಿಡಿಎಸ್ ಹಿಡಿಯಬೇಕಿಲ್ಲ. ನಿಮ್ಮ 60,000 ಎರಡು ಹಣಕಾಸು ವರ್ಷಕ್ಕೆ ಹಂಚಿಹೋಗಿದೆ: ಮಾರ್ಚ್‌ವರೆಗೆ 30,000, ಏಪ್ರಿಲ್‌ನಿಂದ 30,000. ಎರಡೂ ಮಿತಿಯೊಳಗೇ ಇವೆ. ಇದನ್ನು ಅಕೌಂಟ್ಸ್ ವಿಭಾಗಕ್ಕೆ ಇಮೇಲ್ ಮಾಡಿ. ಹಿಡಿದದ್ದು ಹಿಂತಿರುಗಬೇಕಾದರೆ ಎರಡೂ ವರ್ಷಕ್ಕೆ ಬೇರೆಬೇರೆ ರಿಟರ್ನ್ ಸಲ್ಲಿಸಬೇಕು. ಅದಕ್ಕೂ ಮೊದಲು ತೆರಿಗೆ ಪೋರ್ಟಲ್‌ನ ಎಐಎಸ್‌ನಲ್ಲಿ (ವಾರ್ಷಿಕ ಮಾಹಿತಿ ಪಟ್ಟಿ) ಆ ಹಣ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ನೋಡಿ. ಬ್ಯಾಂಕ್ ಖಾತೆಯನ್ನು ಅಲ್ಲೇ ದೃಢೀಕರಿಸಿ, ರಿಟರ್ನ್ ಹಾಕಿದ 30 ದಿನದೊಳಗೆ ಇ-ವೆರಿಫೈ ಮಾಡಿ. ರೀಫಂಡ್ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಈ ಎರಡರಲ್ಲೇ.

ಪ್ರಶ್ನೆ: 4,500 ಕಟ್ಟಿದರೆ ಮನೆಯಿಂದಲೇ ಇಂಟರ್ನ್‌ಶಿಪ್, ಹಣ ಸ್ಟೈಪೆಂಡ್ ಜೊತೆ ವಾಪಸ್ ಎನ್ನುತ್ತಾರೆ. ಕಟ್ಟಲೇ?

ಉತ್ತರ: ಬೇಡ. ಅದು ಸರ್ಟಿಫಿಕೇಟ್ ಮಾರಾಟ. ಆಗಲೇ ಕಟ್ಟಿದ್ದು, ಅವರು ಫೋನ್ ಎತ್ತದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ವಹಿವಾಟಿನ ಸಂಖ್ಯೆ ಕೈಯಲ್ಲಿಟ್ಟುಕೊಂಡಿರಿ.