ಅಜ್ಜನ ಚಾಕು, ಮೂರು ಗೀಟಿನ ಬಾಣ

ಮಡಿಕೇರಿಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಸೈನಿಕರ ಮಡಚುವ ಚಾಕುವನ್ನು 'ಜೇಬಿನ ಆಯುಧ' ಎಂದಿದ್ದೀರಿ. ಬರ್ಮಾಕ್ಕೆ ಹೋಗಿದ್ದ ನಮ್ಮಜ್ಜನದೂ ಒಂದಿದೆ. ಶೆಫೀಲ್ಡ್, 1943 ಎಂಬ ಅಚ್ಚು, ಪಕ್ಕದಲ್ಲಿ ಮೂರು ಗೀಟಿನ ಬಾಣ. ಅಲಗಿಗೆ ಮೊನೆಯೇ ಇಲ್ಲ. ಇದರಿಂದ ಯಾರನ್ನು ಕೊಲ್ಲಲಾದೀತು? ಸಾಣೆ ಹಿಡಿಸಬಹುದೇ?"

ಒಪ್ಪಿದೆ ಸ್ವಾಮಿ. ಆ ಶೀರ್ಷಿಕೆ ಕೊಟ್ಟವನು ನಾನು, ಲೇಖಕರನ್ನು ಬೈಯಬೇಡಿ. ಮೊನೆ ಸವೆದುಹೋದದ್ದಲ್ಲ, ಬೇಕೆಂದೇ ಇಡದೆ ಬಿಟ್ಟದ್ದು. ಬೆನ್ನು ಬಾಗಿ ನೇರ ಅಂಚಿಗೆ ಬಂದು ಸೇರುವ ಈ ಅಲಗು ನಾವಿಕರ ಚಾಕುವಿನ ಜಾತಿಯದು. ಹಗ್ಗ ಕೊಯ್ಯುವಾಗ ಕೈ ಜಾರಿದರೂ ಪಕ್ಕದವನಿಗೆ ಚುಚ್ಚುವುದಿಲ್ಲ. ಇನ್ನೊಂದು ಬದಿಯಲ್ಲಿ ದಪ್ಪ ದಬ್ಬಳದಂಥ ಮುಳ್ಳಿದ್ದರೆ ಅದು ಬಿಗಿದ ಗಂಟು ಸಡಿಲಿಸಲು. ಆದರೆ ಸಿಪಾಯಿಗೆ ದಿನಾ ಬೇಕಾಗುತ್ತಿದ್ದುದು ಡಬ್ಬಿ ಕೊರೆಯುವ ಆ ಮೊಂಡು ಕೊಕ್ಕೆ. ಊಟವೇ ತಗಡಿನ ಡಬ್ಬಿಯಲ್ಲಿ ಬರುವಾಗ ಅದಿಲ್ಲದೆ ಉಪವಾಸ! ಶೆಫೀಲ್ಡ್ ಎಂದರೆ ಇಂಗ್ಲೆಂಡಿನಲ್ಲಿ ಚಾಕು ಮಾಡುವ ಊರು, ಬಾಣ ಬ್ರಿಟಿಷ್ ಸರ್ಕಾರಿ ಸೊತ್ತಿನ ಗುರುತು.

ಹಿಡಿಯನ್ನು ಒಮ್ಮೆ ಸವರಿ ನೋಡಿ. ಕಪ್ಪು, ಚೌಕುಳಿ ಗೆರೆ, ಅಲ್ಲವೇ? ಶೆಫೀಲ್ಡಿನ ಒಳ್ಳೆಯ ಚಾಕುಗಳಿಗೆ ಕಡವೆ ಕೊಂಬಿನ ಹಿಡಿ ಹಾಕುತ್ತಿದ್ದರು. ಆ ಕೊಂಬು ಹೋಗುತ್ತಿದ್ದುದು ನಮ್ಮ ದೇಶದಿಂದಲೇ. ಒಂದು ಕೊಂಬಿನಂತೆ ಇನ್ನೊಂದಿರದು. ಕೊಯ್ದು, ಉಜ್ಜಿ, ಜೋಡಿ ಹೊಂದಿಸಲು ಪಳಗಿದ ಕೈ ಬೇಕು. ಯುದ್ಧಕಾಲದಲ್ಲಿ ಅಷ್ಟು ಉಪಚಾರಕ್ಕೆ ಪುರುಸೊತ್ತೆಲ್ಲಿ? ಅಚ್ಚಿನಲ್ಲಿ ಒತ್ತಿದ ಪ್ಲಾಸ್ಟಿಕ್ ಬಂತು. ಒದ್ದೆ ಕೈಗೂ ಜಾರದಿರಲಿ ಎಂದೇ ಆ ಚೌಕುಳಿ.

ಹಾಗೆಂದು ಎಲ್ಲವೂ ಯಂತ್ರದ ಕೆಲಸವಲ್ಲ. ಶೆಫೀಲ್ಡಿನಲ್ಲಿ ದೊಡ್ಡ ಕಾರ್ಖಾನೆಗಳ ಜೊತೆಗೆ ಒಂದೆರಡು ಜನರ ಪುಟ್ಟ ಕಮ್ಮಟಗಳೂ ಇದ್ದವು. ಬಡಿಯುವವನೊಬ್ಬ, ಸಾಣೆಯವನೊಬ್ಬ, ಜೋಡಿಸುವವನೊಬ್ಬ. ಹೊಳಪು ಕೊಡುವುದು ಹೆಚ್ಚಾಗಿ ಹೆಂಗಸರ ಕೆಲಸ. ಚಾಕು ಮಡಚುವಾಗ 'ಠಕ್' ಎನ್ನುತ್ತದಲ್ಲ, ಅದು ಬೆನ್ನಿನ ಸ್ಪ್ರಿಂಗಿನ ಸದ್ದು. ಅಲಗಿನಷ್ಟೇ ಗಡುಸಾಗಿ ಹದ ಮಾಡಿದರೆ ಸ್ಪ್ರಿಂಗ್ ಮುರಿಯುತ್ತದೆ, ಮೆತ್ತಗಾದರೆ ಅಲಗು ಅಲ್ಲಾಡುತ್ತದೆ. 1940ರ ಡಿಸೆಂಬರ್ 12 ಮತ್ತು 15ರ ರಾತ್ರಿ ಈ ಊರಿನ ಮೇಲೆ ಜರ್ಮನ್ ಬಾಂಬ್ ಬಿದ್ದು 660ಕ್ಕೂ ಹೆಚ್ಚು ಜನ ಸತ್ತರು. ನಿಮ್ಮ ಚಾಕು ಹುಟ್ಟಿದ್ದು ಅದಾದ ಮೂರನೇ ವರ್ಷ, ಅದೇ ಊರಿನಲ್ಲಿ.

ಸಾಣೆ ಹಿಡಿಸಿ, ಅಡ್ಡಿಯಿಲ್ಲ. ಅಂಚಿಗೆ ಮಾತ್ರ, ಅದೂ ಕೈಕಲ್ಲಿನಲ್ಲಿ. ಬುಡದ ಅಚ್ಚಿಗೆ ಕಲ್ಲು ತಾಗಿಸಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಲೂಬೇಡಿ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು.

– ಸಂ.