ಒಂದು ಸೆಮಿಸ್ಟರ್ ಕೊರಿಯಾಕ್ಕೆ ಓದಲು ಹೋಗುವವರು ಭಾಷೆಗೆ ಎಂಥ ಗುರಿ ಇಟ್ಟುಕೊಳ್ಳಬೇಕು?

ಸೋಲ್‌ನ ವಿಶ್ವವಿದ್ಯಾಲಯಗಳ ಭಾಷಾ ಕೋರ್ಸ್ ಸಾಮಾನ್ಯವಾಗಿ ಹಂತಕ್ಕೆ 10 ವಾರ, 200 ಗಂಟೆ. ಅಷ್ಟರಲ್ಲಿ ‘ಸರಾಗವಾಗಿ ಮಾತಾಡಬೇಕು’ ಎಂದು ಹೊರಟರೆ ಮೂರನೇ ವಾರಕ್ಕೇ ಸುಸ್ತು. ಅಳೆಯಲು ಬರುವಂಥದ್ದು ಇರಲಿ: ಕೊರಿಯನ್ ಭಾಷಾ ಸಾಮರ್ಥ್ಯ ಅಳೆಯುವ ಟೋಪಿಕ್‌ನ ಆರಂಭಿಕ ಹಂತವಾದ ಟೋಪಿಕ್-1 ಪರೀಕ್ಷೆಯಲ್ಲಿ 200ಕ್ಕೆ 80 ಬಂದರೆ 1ನೇ ದರ್ಜೆ, 140 ಬಂದರೆ ಅದಕ್ಕೂ ಮೇಲಿನ 2ನೇ ದರ್ಜೆ. ಅದರಲ್ಲಿ ಕೇಳುವುದು, ಓದುವುದು ಮಾತ್ರ. ಹಾಗಾಗಿ ಮಾತಿಗೆ ಬೇರೆಯೇ ಗುರಿ ಬೇಕು, ವಾರಕ್ಕೊಂದು ಕೆಲಸ ಕೊರಿಯನ್‌ನಲ್ಲೇ ಮುಗಿಸುವಂತೆ. ಮೊದಲು ಸಮಯ ಹೇಳುವುದು, ಎಡವುವುದು ಇಲ್ಲೇ. ಕೊರಿಯನ್‌ನಲ್ಲಿ ಎರಡು ಬಗೆಯ ಸಂಖ್ಯೆಗಳಿವೆ; ಗಂಟೆಗೆ ಕೊರಿಯಾದ ದೇಸಿ ಸಂಖ್ಯೆ, ನಿಮಿಷಕ್ಕೆ ಚೀನೀ ಮೂಲದ್ದು: 3:30 ಅಂದರೆ ‘ಸೆ ಶಿ ಸಮ್‌ಶಿಪ್ ಬುನ್’. ಕ್ರಿಯಾಪದ ಕೊನೆಗೆ ಬರುವುದರಿಂದ ಕನ್ನಡಿಗರಿಗೆ ವಾಕ್ಯರಚನೆ ಸಲೀಸು. ಉಳಿದ ಶ್ರಮವನ್ನು ಉಚ್ಚಾರಣೆಗೆ ಹಾಕಿ. ಚಂದ್ರ, ಮಗಳು, ಮುಖವಾಡ ಈ ಮೂರರ ಕೊರಿಯನ್ ಪದಗಳೂ ನಮ್ಮ ಕಿವಿಗೆ ಹೆಚ್ಚುಕಡಿಮೆ ‘ತಲ್’ ಎಂದೇ ಕೇಳುತ್ತವೆ. ರೆಕಾರ್ಡ್ ಮಾಡಿ ಸಹಪಾಠಿಗೆ ಕೇಳಿಸಿ, ಯಾವುದು ಯಾವುದೆಂದು ಅವರು ಗುರುತಿಸಲಿ.